ಹಳೇ ಕಾಮಿಕ್ಸ್‌ಗೆ ಬೆಲೆ ಬರೋದು ಯಾತರಿಂದ?

ಸರಸ್ವತಿಪುರಂ_ಸೂರಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹಳೇ ಮನೆ ಖಾಲಿ ಮಾಡ್ತಿದ್ದೀವಿ, ಅಟ್ಟದಿಂದ ಎರಡು ಥರದ ಕಾಮಿಕ್ಸ್ ಇಳಿದಿವೆ. ಒಂದು, ಅಪ್ಪ ಬೈಂಡ್ ಮಾಡಿಸಿಟ್ಟ ಇಂದ್ರಜಾಲ ಕಾಮಿಕ್ಸ್. ಕನ್ನಡ, ಇಂಗ್ಲಿಷ್ ಎರಡೂ ಕಲಸುಮೇಲೋಗರ. ಜೊತೆಗೆ ಒಂದಷ್ಟು ಬಿಡಿ ಇಂದ್ರಜಾಲ, ಬಿಡಿ ಅಮರ ಚಿತ್ರ ಕಥೆ. ಇನ್ನೊಂದು, ಅಮೆರಿಕದಲ್ಲಿದ್ದ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ತಂದುಕೊಟ್ಟ ಡಬ್ಬ. ಅದರಲ್ಲಿ 1991ರ ಎಕ್ಸ್-ಮೆನ್ ಒಂದನೇ ಸಂಚಿಕೆಯ ಐದೂ ಮುಖಪುಟಗಳಿವೆ, ಕಪ್ಪು ಪ್ಲಾಸ್ಟಿಕ್ ಒಡೆಯದ ಸೂಪರ್‌ಮ್ಯಾನ್ 75 ಇದೆ, ಹೊಳೆಯೋ ಮುಖಪುಟದವು ಇನ್ನಷ್ಟು. "ಇದನ್ನ ಮುಟ್ಟಬೇಡ ಕಣೋ, ನಿನ್ನ ಮದುವೆ ಖರ್ಚಿಗಾಗುತ್ತೆ" ಅಂದಿದ್ರು. ಮದುವೆ ಆಗಿ ಮಗ ಪಿಯುಸಿಗೆ ಬಂದಿದ್ದಾನೆ.

2025ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಒಂದನೇ ಸಂಚಿಕೆ 91.2 ಲಕ್ಷ ಡಾಲರ್‌ಗೆ ಹರಾಜಾಯ್ತು ಅಂತ ಓದಿದೆ. ಅದೂ ಅಟ್ಟದಲ್ಲೇ ಸಿಕ್ಕಿದ್ದಂತೆ. ಹಾಗಾದ್ರೆ ನಮ್ಮ ಅಟ್ಟದ್ದು ಎಷ್ಟಕ್ಕೆ? ಯಾವುದನ್ನ ಇಟ್ಟುಕೊಳ್ಳಲಿ, ಯಾವುದನ್ನ ರದ್ದಿಗೆ ಹಾಕಲಿ?

ಎಡಿಸನ್_ಕನ್ನಡಿಗ

ಸೂರಿ ಅವರೇ, ಬೇಸರದ ಸುದ್ದಿ ಮೊದಲು. ಚಿಕ್ಕಪ್ಪನ ಡಬ್ಬ ಮದುವೆ ಖರ್ಚು ಹಾಗಿರಲಿ, ಎಲೆ ಅಡಿಕೆ ಖರ್ಚಿಗೂ ಸಾಲದು. ಇಲ್ಲಿ ನ್ಯೂಜೆರ್ಸಿಯಲ್ಲಿ ಆ ಎಕ್ಸ್-ಮೆನ್ ಅಂಗಡಿಯ ಅಗ್ಗದ ಡಬ್ಬದಲ್ಲಿ ಕೂತಿರುತ್ತೆ.

ಯಾಕೆ ಅಂತ ಹೇಳ್ತೀನಿ. ಆ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯ್ತು, ಗಿನ್ನೆಸ್ ದಾಖಲೆ ಅದು. ನೆನಪಿಡಿ, ಅಂಗಡಿಯವರು ತರಿಸಿಕೊಂಡ ಲೆಕ್ಕ ಅದು, ಓದುಗರು ಕೊಂಡ ಲೆಕ್ಕ ಅಲ್ಲ. ಜಿಮ್ ಲೀ ಬರೆದ ನಾಲ್ಕು ಮುಖಪುಟ ಪಕ್ಕಪಕ್ಕ ಇಟ್ರೆ ಒಂದೇ ದೊಡ್ಡ ಚಿತ್ರ. ಐದನೆಯದು ಮಡಚಿದ ಮುಖಪುಟ, ಬಿಚ್ಚಿದ್ರೆ ಆ ನಾಲ್ಕೂ ಒಟ್ಟಿಗೆ ಬರುತ್ತೆ. ಒಬ್ಬನಿಗೇ ಐದು ಮಾರೋ ಉಪಾಯ. ಸೂಪರ್‌ಮ್ಯಾನ್ ಸತ್ತ ಸಂಚಿಕೆಗೆ, ಅದೇ ನಿಮ್ಮ 75ಕ್ಕೆ, 1992ರಲ್ಲಿ ಜನ ಅಂಗಡಿ ಮುಂದೆ ಸಾಲು ನಿಂತಿದ್ರು. ಕೊಂಡವರು ಪ್ಲಾಸ್ಟಿಕ್ ಕೂಡ ಒಡೀಲಿಲ್ಲ, ಹಾಗೇ ಎತ್ತಿಟ್ರು. ಎಲ್ಲರೂ ಎತ್ತಿಟ್ಟಿದ್ದು ಎಲ್ಲರ ಹತ್ರಾನೂ ಇರುತ್ತಲ್ಲ, ಕೊಳ್ಳೋರು ಯಾರು? ಮುಂದೆ ಬೆಲೆ ಏರುತ್ತೆ ಅನ್ನೋ ಆ ಗುಳ್ಳೆ ಒಡೆದು ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಎಕ್ಸ್-ಮೆನ್ ಹೊರಡಿಸೋ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಅಟ್ಟದ ಸೂಪರ್‌ಮ್ಯಾನ್ ಕಥೆ ಇದರ ಉಲ್ಟಾ. ಅದು 1939ರದ್ದು. ಹತ್ತು ಸೆಂಟಿನ ಮಕ್ಕಳ ಪುಸ್ತಕ, ಓದಿ ಎಸೆಯೋದು. ಎರಡನೇ ಮಹಾಯುದ್ಧದಲ್ಲಿ ಮಕ್ಕಳೇ ಮನೆಮನೆ ತಿರುಗಿ ರದ್ದಿ ಕಾಗದ ಕೂಡಿಸಿ ಸರ್ಕಾರಕ್ಕೆ ಕೊಟ್ಟರು, ಲಕ್ಷಗಟ್ಟಲೆ ಕಾಮಿಕ್ಸ್ ಹಾಗೇ ಹೋದವು. ಉಳಿದದ್ದನ್ನ ಅಮ್ಮಂದಿರು ಕಸಕ್ಕೆ ಹಾಕಿದ್ರು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್ ಒಂದನೇ ಸಂಚಿಕೆ ಈಗ ನೂರರ ಆಸುಪಾಸು ಉಳಿದಿರಬಹುದು ಅನ್ನೋ ಅಂದಾಜಿದೆ. 2024ರ ಏಪ್ರಿಲ್‌ನಲ್ಲಿ ಒಂದು ಪ್ರತಿ 60 ಲಕ್ಷ ಡಾಲರ್‌ಗೆ ಹೋಯ್ತು.

ಕುಡ್ಲದ_ಮಳೆ

ಆ ಅಟ್ಟ ಇದ್ದದ್ದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಮಾರಾಯ್ರೆ! ತಂಪು ಹವೆ. ಮೂವರು ಅಣ್ಣತಮ್ಮಂದಿರಿಗೆ ತೀರಿಹೋದ ಅಮ್ಮನ ಮನೆಯಲ್ಲಿ ಹಳೇ ಪೇಪರ್ ರಾಶಿಯ ಅಡಿಯಲ್ಲಿ ಸಿಕ್ಕಿದ್ದು. ಪುಸ್ತಕದ ಸ್ಥಿತಿಗೆ ಹತ್ತಕ್ಕೆ ಒಂಬತ್ತು ಗ್ರೇಡ್ ಬಂತು. ನಮ್ಮ ಮಂಗಳೂರಿನ ಅಟ್ಟದಲ್ಲಿ ಇಟ್ಟಿದ್ದರೆ ಎರಡು ಮಳೆಗಾಲ ಕಳೆಯುವಾಗ ಸೂಪರ್‌ಮ್ಯಾನ್‌ಗೆ ಬೂಸ್ಟು ಹಿಡಿದು ಹಸಿರು ಮನುಷ್ಯ ಆಗ್ತಿದ್ದ.

ಸೂರಿಯವರೇ, ಬೈಂಡ್ ಮಾಡಿಸಿದ್ದು ಅಂದ್ರಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಊರಿನ ಬೈಂಡರ್ ಏನು ಮಾಡ್ತಾನೆ? ಮೊದಲು ಪಿನ್ನು ಕಿತ್ತು ಹಾಕ್ತಾನೆ. ಬೆನ್ನಿನ ಹತ್ತಿರ ದಬ್ಬಣದಲ್ಲಿ ತೂತು ಹೊಡೆದು ದಾರ ಹಾಕ್ತಾನೆ. ಮೇಲೆ ಮೈದಾ ಅಂಟು. ಕೊನೆಗೆ ಮೂರೂ ಬದಿ ಸಮ ಕಾಣಲಿಕ್ಕೆ ಕತ್ತರಿಸ್ತಾನೆ, ಮುಖಪುಟದ ಮೇಲಿನ ಸಂಚಿಕೆ ಸಂಖ್ಯೆಯ ಅರ್ಧ ಹೋಗ್ತದೆ. ಕೆಲವರು ದಪ್ಪ ಆಗ್ತದೆ ಅಂತ ಮುಖಪುಟ, ಹಿಂಪುಟ ಎರಡನ್ನೂ ತೆಗೆಸುತ್ತಿದ್ದರು. ಓದಲಿಕ್ಕೆ ಅದಕ್ಕಿಂತ ಚಂದ ಇನ್ನೊಂದಿಲ್ಲ, ಆದರೆ ಸಂಗ್ರಹಕಾರರ ಲೆಕ್ಕದಲ್ಲಿ ಅದು ಗಾಯಾಳು. ಹಾಗಂತ ದಾರ ಬಿಚ್ಚಿ ಬೇರೆ ಮಾಡ್ಲಿಕ್ಕೆ ಹೋಗಬೇಡಿ, ಇನ್ನೂ ಹಾಳಾಗ್ತದೆ.

ಅವೆನ್ಯೂರೋಡ್_ಅಲೆಮಾರಿ

ಬೈಂಡ್ ಆದದ್ದಕ್ಕೆ ಬೆಲೆಯೇ ಇಲ್ಲ ಅನ್ನೋದು ಅಮೆರಿಕದ ಮಾತು. ಇಂದ್ರಜಾಲಕ್ಕೆ ಅದನ್ನೇ ಅಳತೆಗೋಲು ಮಾಡಬೇಡಿ. ಮುಖಪುಟ ಇದ್ದು, ಬದಿ ಕತ್ತರಿಸದೇ ಇದ್ರೆ ಬೈಂಡ್ ಪ್ರತಿಗೂ ಗಿರಾಕಿ ಇದ್ದಾರೆ. ಯಾಕಂದ್ರೆ ಬೈಂಡ್ ಆದದ್ದೇ ಉಳಿದಿರೋದು! ಬಿಡಿ ಪ್ರತಿಗಳು ಕಡಲೆಕಾಯಿ ಪೊಟ್ಟಣ ಆಗಿ ಹೋದವು.

ಸ್ವಲ್ಪ ಹಿನ್ನೆಲೆ. ಇಂದ್ರಜಾಲ ಶುರುವಾದದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾದವರಿಂದ. ಮೊದಲ 32 ಸಂಚಿಕೆ ಪೂರ್ತಿ ಕಾಡಿನ ಮುಖವಾಡದ ವೀರ ಫ್ಯಾಂಟಮ್. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕಿರ್ಬಿ ಎಲ್ಲ ಸೇರಿಕೊಂಡ್ರು. 1976ರಲ್ಲಿ ಆಬಿದ್ ಸುರತಿ ಅವರ ದೇಸಿ ಹೀರೋ ಬಹಾದ್ದೂರ್ ಬಂದ, ಚಿತ್ರ ಗೋವಿಂದ ಬ್ರಹ್ಮಣಿಯಾ ಅವರದ್ದು. 1990ರಲ್ಲಿ ನಿಂತುಹೋಯ್ತು. ಎಂಬತ್ತರ ದಶಕದಲ್ಲಿ ಸಂಖ್ಯೆ ಹಾಕೋ ರೀತಿಯೇ ಬದಲಾಗಿ ಸಂಪುಟ, ಸಂಚಿಕೆ ಅಂತ ಆಯ್ತು. ಅದಕ್ಕೇ ಹೊಸಬರು ಪಟ್ಟಿ ಮಾಡುವಾಗ ತಲೆ ಕೆಡಿಸಿಕೊಳ್ತಾರೆ.

ನಾನು ಈ ವ್ಯವಹಾರಕ್ಕೆ ಇಳಿದ ಕಾಲಕ್ಕೆ ಎಲ್ಲರೂ ಕೇಳ್ತಿದ್ದದ್ದು "ಮೊದಲ ನೂರರಲ್ಲಿ ಯಾವುದಾದ್ರೂ ಇದೆಯಾ?" ಅಂತ. ಸಂಖ್ಯೆ ಚಿಕ್ಕದಾದಷ್ಟೂ ಬೆಲೆ ಜಾಸ್ತಿ. ಈಗ ಕೇಳೋ ಪ್ರಶ್ನೆ ಬೇರೆ. ಒಂದು, ಮುಖಪುಟ ಗೋವಿಂದ ಅವರು ಬಣ್ಣದಲ್ಲಿ ಬರೆದದ್ದಾ? ಎರಡು, ಯಾವ ಭಾಷೆ? ಇಂಗ್ಲಿಷ್ ಪ್ರತಿ ಹುಡುಕಿದ್ರೆ ಸಿಗುತ್ತೆ. ಕನ್ನಡದ್ದು ಅವೆನ್ಯೂ ರೋಡಿನಲ್ಲಿ ಕಣ್ಣಿಗೆ ಬೀಳೋದೇ ಅಪರೂಪ.

ಹುಬ್ಬಳ್ಳಿ_ಗಿರ್ಮಿಟ್

ಅಲ್ರೀ, ಅಪರೂಪ ಆತು ಅಂದ ಕೂಡ್ಲೆ ಬೆಲೆ ಬರ್ತೈತೇನು? ನಮ್ಮ ಅಜ್ಜನ ಕೈಬರಹದ ಲೆಕ್ಕದ ವಹಿ ಜಗತ್ತಿನ್ಯಾಗ ಒಂದ ಐತಿ. ಯಾರ್ ತಗೋತಾರ? ಕನ್ನಡ ಇಂದ್ರಜಾಲ ಸಿಗಂಗಿಲ್ಲ, ಖರೆ. ಆದ್ರ ಅದು ಬೇಕು ಅನ್ನೋರು ಎಷ್ಟ ಮಂದಿ ಅದಾರ? ತಮಿಳರನ್ನ ನೋಡ್ರಿ. ಶಿವಕಾಶಿಯ ಮುತ್ತು ಕಾಮಿಕ್ಸ್, ಲಯನ್ ಕಾಮಿಕ್ಸ್ ಇವತ್ತಿಗೂ ಹೊಸಾವು ಬರ್ತಾವು, ಓದೋರು ಅದಾರ, ಹಂಗಂತ ಹಳೇವುಕ್ಕೂ ಕಿಮ್ಮತ್ತು ಐತಿ. ನಮ್ಮಲ್ಲೆ ಕನ್ನಡದಾಗ ಕಾಮಿಕ್ಸ್ ಓದಿ ಬೆಳೆದ ಹುಡುಗರು ಅಂದ್ರ ಈಗ ಐವತ್ತು ದಾಟಿದ ನಾವ. ನಾವು ಹ್ವಾದ ಮ್ಯಾಲೆ ಯಾರು?

ಎಡಿಸನ್_ಕನ್ನಡಿಗ

ಗಿರ್ಮಿಟ್ ಅವರು ಸರಿಯಾದ ಜಾಗಕ್ಕೇ ಕೈ ಹಾಕಿದ್ರು. ಇಲ್ಲೂ ಅದೇ ಆಗಿದೆ. ರಾಯ್ ರೋಜರ್ಸ್, ಜೀನ್ ಆಟ್ರಿ ಥರದ ಕೌಬಾಯ್ ಕಾಮಿಕ್ಸ್‌ಗೆ ಒಂದು ಕಾಲದಲ್ಲಿ ಒಳ್ಳೇ ಬೆಲೆ ಇತ್ತು. ಅವನ್ನ ಓದಿ ಬೆಳೆದವರು ನಿವೃತ್ತರಾದ್ರು, ಆಮೇಲೆ ತೀರಿಕೊಂಡ್ರು. ಅವರ ಸಂಗ್ರಹವೆಲ್ಲ ಒಟ್ಟೊಟ್ಟಿಗೆ ಮಾರುಕಟ್ಟೆಗೆ ಬಂತು, ಕೊಳ್ಳೋಕೆ ಮಾತ್ರ ಆ ಹೆಸರು ಗೊತ್ತಿರೋರು ಇಲ್ಲ. ಹಾಗಾಗಿ ಪುಸ್ತಕದ ವಯಸ್ಸಿಗಿಂತ ಅದನ್ನ ಓದಿದವರ ವಯಸ್ಸನ್ನ ಮೊದಲು ನೋಡಬೇಕು. ನಲವತ್ತರಿಂದ ಅರವತ್ತರವರೆಗಿನ ಜನಕ್ಕೆ ದುಡ್ಡೂ ಇರುತ್ತೆ, ಬಾಲ್ಯದ ಹುಚ್ಚೂ ಇರುತ್ತೆ.

ಇಂದ್ರಜಾಲಕ್ಕೆ ಈಗ ಆ ಕಾಲ. ಇನ್ನು ಇಪ್ಪತ್ತು ವರ್ಷಕ್ಕೆ ಏನಾಗುತ್ತೋ, ನನಗೆ ಅಷ್ಟೊಂದು ನಂಬಿಕೆ ಇಲ್ಲ. ಮಾರೋದಿದ್ರೆ ಈಗ ಮಾರಿ ಅಂತೀನಿ.

ಪಿನ್ನಿಗೆ_ತುಕ್ಕು

ಸ್ಪೈಡರ್‌ಮ್ಯಾನ್‌ಗೆ ಆ ನಿಯಮ ನಡೆಯಲ್ವಲ್ಲ ಸರ್. 1962ರ ಅಮೇಜಿಂಗ್ ಫ್ಯಾಂಟಸಿ 15, ಅವನ ಮೊದಲ ಕಥೆ, 2021ರಲ್ಲಿ 36 ಲಕ್ಷ ಡಾಲರ್‌ಗೆ ಹೋಯ್ತು. ಅದನ್ನ 12 ಸೆಂಟ್ ಕೊಟ್ಟು ಕೊಂಡು ಓದಿದವರು ಈಗ ಎಪ್ಪತ್ತು ದಾಟಿದ್ದಾರೆ. ಪಾತ್ರ ಜೀವಂತ ಇದ್ರೆ ಸಾಕು, ಹೊಸಬರು ಬರ್ತಾನೇ ಇರ್ತಾರೆ.

ನಾನು ಬದಲಾವಣೆ ಕಂಡಿರೋದು ಬೇರೆ ಕಡೆ. ಮೊದಲು ಒಂದನೇ ಸಂಚಿಕೆ ಅಂದ್ರೆ ದೇವರು. ಆಮೇಲೆ ಪಾತ್ರ ಮೊದಲು ಕಾಣಿಸಿಕೊಂಡ ಸಂಚಿಕೆ ಮೇಲೆ ಬಂತು, ಸಂಖ್ಯೆ ಎಷ್ಟಾದ್ರೂ ಇರಲಿ. ವುಲ್ವರಿನ್‌ಗೆ 1974ರ ಇನ್‌ಕ್ರೆಡಿಬಲ್ ಹಲ್ಕ್ 181, ಡೆಡ್‌ಪೂಲ್‌ಗೆ 1991ರ ನ್ಯೂ ಮ್ಯೂಟೆಂಟ್ಸ್ 98. ತಮಾಷೆ ನೋಡಿ, ವುಲ್ವರಿನ್ ನಿಜವಾಗಿ ಮೊದಲು ಬರೋದು 180ರ ಕೊನೇ ಚೌಕದಲ್ಲಿ. ಆದ್ರೂ ಬೆಲೆ 181ಕ್ಕೇ, ಪೂರ್ತಿ ಕಥೆ, ಮುಖಪುಟದಲ್ಲಿ ಮುಖ ಅಂತ. ಇದನ್ನ ಯಾವ ಶಾಸ್ತ್ರವೂ ಹೇಳಿಲ್ಲ, ಸಂಗ್ರಹಕಾರರು ಜಗಳ ಆಡಿ ಆಡಿ ತೀರ್ಮಾನ ಮಾಡಿಕೊಂಡದ್ದು.

ಅದೇ 181ರ ಒಳಗೆ ಇನ್ನೊಂದು ಕಥೆ ಇದೆ. ಓದುಗರ ಪತ್ರದ ಪುಟದಲ್ಲಿ ಒಂದು ಪುಟ್ಟ ಚಿತ್ರದ ಸ್ಟಾಂಪ್ ಅಚ್ಚಾಗಿತ್ತು. ಮಕ್ಕಳು ಕತ್ತರಿಸಿ ಆಲ್ಬಮ್‌ಗೆ ಅಂಟಿಸಲಿ ಅಂತ ಮಾರ್ವೆಲ್‌ನವರೇ ಹೇಳಿದ್ರು, ಪಾಪ ಮಕ್ಕಳು ಕತ್ತರಿಸಿದ್ರು. ಆ ಬೆಂಕಿಪೊಟ್ಟಣದಷ್ಟು ಕಿಟಕಿ ಇದ್ರೆ ಬೆಲೆ ಅರ್ಧಕ್ಕಿಂತ ಕೆಳಗೆ. ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ಪುಟ ಪುಟ ತಿರುಗಿಸಿ ನೋಡದೆ 181 ಕೊಂಡವರ ಬಗ್ಗೆ ನನಗೆ ಕನಿಕರ.

ಹುಬ್ಬಳ್ಳಿ_ಗಿರ್ಮಿಟ್

ಪುಟ ತಿರುಗಿಸೂದು ಎಲ್ಲಿಂದ ಬಂತು? ನೀವು ಅದನ್ನ ಪ್ಲಾಸ್ಟಿಕ್ ಡಬ್ಬಿಯೊಳಗ ಹಾಕಿ ಸೀಲ್ ಮಾಡ್ತೀರಿ! ಓದಾಕ ಬರದಂಗ ಮಾಡಿದ ಮ್ಯಾಲೆ ಅದು ಪುಸ್ತಕ ಹೆಂಗ ಆಕ್ಕೇತಿ?

ಪಿನ್ನಿಗೆ_ತುಕ್ಕು

ಹ್ಹ ಹ್ಹ. ಅದು ಪುಸ್ತಕ ಅಲ್ಲ, ಷೇರು ಪತ್ರ ಅಂದುಕೊಳ್ಳಿ ಗಿರ್ಮಿಟ್ ಅಣ್ಣ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸಿಜಿಸಿ ಅನ್ನೋ ಕಂಪನಿ 2000ದಲ್ಲಿ ಶುರುವಾಯ್ತು, ಫ್ಲೋರಿಡಾದಲ್ಲಿದೆ. ಪುಸ್ತಕ ಕಳಿಸಿದ್ರೆ ಹತ್ತಕ್ಕೆ ಇಷ್ಟು ಅಂತ ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ವಾಪಸ್ ಕಳಿಸ್ತಾರೆ. ನೀಲಿ ಲೇಬಲ್ ಅಂದ್ರೆ ಮಾಮೂಲು. ನೇರಳೆ ಅಂದ್ರೆ ಬಣ್ಣ ಹಚ್ಚಿ, ಕಾಗದ ಸೇರಿಸಿ ರಿಪೇರಿ ಮಾಡಿದ್ದು. ಹಳದಿ ಅಂದ್ರೆ ಅವರ ಸಾಕ್ಷಿ ಮುಂದೆ ಕಲಾವಿದರು ಸಹಿ ಹಾಕಿದ್ದು. ಇದರಿಂದ ಒಂದು ಒಳ್ಳೇದಾಯ್ತು, ನೋಡದೇ ಕೊಳ್ಳೋ ಧೈರ್ಯ ಬಂತು. ಕೆಟ್ಟದ್ದೂ ಆಯ್ತು. 9.6ಕ್ಕೂ 9.8ಕ್ಕೂ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ಬೆಲೆಯಲ್ಲಿ ಮಾತ್ರ ಎಷ್ಟೋ ಪಟ್ಟು. ಬೆನ್ನಿನ ಹತ್ತಿರ ಕೂದಲೆಳೆಯಂಥ ಒಂದು ಬಿಳಿ ಗೆರೆ ಸಾಕು, ಕೆಳಗಿಳಿಯುತ್ತೆ.

ಇನ್ನು ಡಬ್ಬಿ ಮೇಲಿನ ನಂಬಿಕೆ ವಿಷಯ. 2023ರ ಕೊನೆಗೆ ಒಂದು ಮೋಸ ಬಯಲಾಯ್ತಲ್ಲ, ಡಬ್ಬಿಯಲ್ಲಿದ್ದ ಒಳ್ಳೇ ಪ್ರತಿ ತೆಗೆದು ಅದೇ ಲೇಬಲ್ ಕೆಳಗೆ ಕೀಳು ಪ್ರತಿ ಸೇರಿಸಿ ಮಾರಿದ್ದು. ಕೊನೆಗೆ ಸಿಜಿಸಿಯೇ ಅನುಮಾನದ ಪ್ರತಿಗಳ ಪಟ್ಟಿ ಹೊರಡಿಸಬೇಕಾಯ್ತು. ಅಂದಿನಿಂದ ಹಳೇ ಕುಳಗಳು "ಲೇಬಲ್ ಬೇಡ, ಪುಸ್ತಕ ನೋಡು" ಅಂತ ಮತ್ತೆ ಶುರು ಮಾಡಿದ್ದಾರೆ.

ಮಂಡಕ್ಕಿ_ಮೇಡಂ

ಇಷ್ಟೆಲ್ಲ ಮಾತಾಡಿದ್ರಿ, ಸೂರಿಯವರ ಅಮರ ಚಿತ್ರ ಕಥೆ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾನು ಕೂಡಿಸೋದು ಅದನ್ನೇ, ಹಾಗಾಗಿ ಹೇಳ್ತೀನಿ.

ಅಮರ ಚಿತ್ರ ಕಥೆ ಇಂಗ್ಲಿಷ್‌ನಲ್ಲಿ ಶುರುವಾಗೋದು 11ನೇ ಸಂಖ್ಯೆಯಿಂದ, ಅದು "ಕೃಷ್ಣ". ಹಾಗಾದ್ರೆ ಒಂದರಿಂದ ಹತ್ತು ಎಲ್ಲಿ ಹೋದವು? ಅವು ನಮ್ಮವು! ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಈ ಮಾಲೆಯನ್ನ ಕನ್ನಡದಲ್ಲಿ ತಂದಿದ್ರು, ವಿದೇಶಿ ಕಿನ್ನರ ಕಥೆಗಳ ಹತ್ತು ಪುಸ್ತಕ. ಚೆನ್ನಾಗಿ ಖರ್ಚಾದ್ದರಿಂದ ಮುಂಬೈನವರು ಇಂಗ್ಲಿಷ್‌ಗೆ ಕೈ ಹಾಕಿದ್ರು ಅಂತ ಅನಂತರಾಮ್ ಅವರೇ ಹೇಳಿದ್ದಾರೆ. ಆಮೇಲೆ ಅದನ್ನ ಕಟ್ಟಿ ಬೆಳೆಸಿದ ಅನಂತ ಪೈ ಕೂಡ ಕಾರ್ಕಳದವರು, ಅದಕ್ಕೆ ಮೊದಲು ಟೈಮ್ಸ್‌ನಲ್ಲಿ ಇಂದ್ರಜಾಲದ ಕೆಲಸದಲ್ಲೂ ಇದ್ದವರು. ಆ ಹತ್ತು ಕನ್ನಡ ಪುಸ್ತಕ ಯಾರ ಮನೇಲಾದ್ರೂ ಇದ್ರೆ ದಯವಿಟ್ಟು ರದ್ದಿಗೆ ಹಾಕಬೇಡಿ, ನನಗೆ ಫೋನ್ ಮಾಡಿ. ಗಿರ್ಮಿಟ್ ಅವರು ಕೇಳೋರು ಯಾರು ಅಂದ್ರು, ನಾನಿದ್ದೀನಿ.

ಉಳಿದ ಅಮರ ಚಿತ್ರ ಕಥೆಗೆ ಒಂದು ತೊಂದರೆ ಇದೆ. ಮರುಮುದ್ರಣ. ಒಂದೇ ಪುಸ್ತಕ ಎಷ್ಟು ಸಲ ಅಚ್ಚಾಗಿದೆಯೋ ದೇವರಿಗೇ ಗೊತ್ತು. ಜನ ಒಳಗಿನ ಹಕ್ಕುಸ್ವಾಮ್ಯದ ವರ್ಷ ನೋಡಿ "ಇದು ಎಪ್ಪತ್ತರ ದಶಕದ್ದು" ಅಂತ ಬೆಲೆ ಹೇಳ್ತಾರೆ. ಅದನ್ನ ನಂಬಬೇಡಿ. ಪುಸ್ತಕ ತಿರುಗಿಸಿ ಹಿಂದಿನ ಪಟ್ಟಿ ನೋಡಿ. ನಿಮ್ಮ ಕೈಲಿರೋ ಪುಸ್ತಕಕ್ಕಿಂತ ಎಷ್ಟೋ ವರ್ಷ ಆಮೇಲೆ ಬಂದ ಹೆಸರುಗಳು ಆ ಪಟ್ಟಿಯಲ್ಲಿದ್ರೆ ಅದು ಮೊದಲ ಮುದ್ರಣ ಅಲ್ಲವೇ ಅಲ್ಲ. ಮುಖಪುಟದ ಮೇಲಿನ ಬೆಲೆ ನೋಡಿ, ಜಾಹೀರಾತು ನೋಡಿ. ಸಂಖ್ಯೆ 501, 502 ಅಂತ ಶುರುವಾಗಿದ್ರೆ ಅದು ಆಮೇಲಿನ ದಪ್ಪ ರಟ್ಟಿನ ಮಾಲೆ, ಓದಿ ಸುಖಪಡಿ. ಮೊದಮೊದಲ ಮುದ್ರಣಗಳಲ್ಲಿ ಕೆಲವು ಪುಟ ಪೂರ್ತಿ ಬಣ್ಣ, ಕೆಲವು ಪುಟಕ್ಕೆ ನೀಲಿ, ಹಳದಿ, ಹಸಿರು ಅಷ್ಟೇ. ದುಡ್ಡು ಉಳಿಸೋಕೆ ಹಾಗೆ ಮಾಡ್ತಿದ್ರು. ಈಗ ಅದನ್ನ ನೋಡಿದ ಕೂಡಲೇ ನನ್ನ ಎದೆ ಢವಗುಟ್ಟುತ್ತೆ.

ಅವೆನ್ಯೂರೋಡ್_ಅಲೆಮಾರಿ

ಮೇಡಂ ಹೇಳಿದ್ದು ನೂರಕ್ಕೆ ನೂರು. ಇಂದ್ರಜಾಲಕ್ಕೆ ಆ ಕಾಟ ಇಲ್ಲ, ಮತ್ತೆ ಮತ್ತೆ ಅಚ್ಚು ಹಾಕೋ ಪದ್ಧತಿ ಅಲ್ಲಿರಲಿಲ್ಲ. ಸಂಗ್ರಹಕಾರರು ಇಂದ್ರಜಾಲದ ಹಿಂದೆ ಬೀಳೋದಕ್ಕೆ ಅದೂ ಒಂದು ಕಾರಣ.

ಫ್ಯಾಂಟಮ್ ವಿಷಯದಲ್ಲಿ ಇನ್ನೊಂದು ಹೊಸ ಒಲವು ಹೇಳ್ತೀನಿ. ಭಾರತದ ಮುದ್ರಣಕ್ಕೆ ಅಂತ ಬದಲಾಯಿಸಿದ ಸಂಗತಿಗಳಿಗೇ ಈಗ ಬೆಲೆ. ಮೂಲದಲ್ಲಿ ಅವನ ಕಾಡಿನ ಹೆಸರು ಬೆಂಗಾಲಿ. ಇಲ್ಲಿ ಬಂಗಾಳ ಅಂದುಕೊಂಡಾರು ಅಂತ ಡೆಂಕಾಲಿ ಮಾಡಿದ್ರು. ಅವನ ಶತ್ರುಗಳಾದ ಸಿಂಗ್ ಕಡಲ್ಗಳ್ಳರು ಸಿಂಗಾ ಆದ್ರು. ಮೊದಲೆಲ್ಲ ಇದನ್ನ ಕತ್ತರಿ ಪ್ರಯೋಗ ಅಂತ ಮೂಗು ಮುರೀತಿದ್ರು. ಈಗ ಸ್ವೀಡನ್, ಆಸ್ಟ್ರೇಲಿಯಾದ ಫ್ಯಾಂಟಮ್ ಅಭಿಮಾನಿಗಳೂ "ಇಂಡಿಯನ್ ಎಡಿಷನ್ ಬೇಕು" ಅಂತಾರೆ. ಅಲ್ಲಿ ಫ್ಯಾಂಟಮ್ ಓದುಗರು ಇವತ್ತಿಗೂ ಇದ್ದಾರೆ ನೋಡಿ. ಇಪ್ಪತ್ತು ವರ್ಷಕ್ಕೆ ಏನು ಅಂದ್ರಲ್ಲ ಎಡಿಸನ್ ಅವರೇ, ಕೊಳ್ಳೋರು ಇಲ್ಲಿಯವರೇ ಆಗಬೇಕಿಲ್ಲ.

ಎಡಿಸನ್_ಕನ್ನಡಿಗ

ಇಂಗ್ಲಿಷ್ ಪ್ರತಿಗೆ ಆ ಮಾತು ಒಪ್ಪಿದೆ. ಕನ್ನಡದ್ದಕ್ಕೆ ಸ್ವೀಡನ್‌ನವನು ಬರ್ತಾನಾ?

ಅವೆನ್ಯೂರೋಡ್_ಅಲೆಮಾರಿ

ಬರ್ತಾನೆ ಸ್ವಾಮಿ. ಎಲ್ಲ ಭಾಷೆಯದ್ದೂ ಒಂದೊಂದು ಬೇಕು ಅನ್ನೋ ಹುಚ್ಚರು ಇದ್ದಾರೆ. ಅವನಿಗೆ ಓದೋಕೆ ಬರಬೇಕಾಗಿಲ್ಲ, ಮುಖಪುಟ ನೋಡ್ತಾನೆ.

ಪಿನ್ನಿಗೆ_ತುಕ್ಕು

ಮುಖಪುಟ ಅಂದ್ರಲ್ಲ, ಈಗಿನ ದೊಡ್ಡ ಬದಲಾವಣೆಯೇ ಅದು. ಕಥೆ, ಪಾತ್ರ ಏನೂ ಮುಖ್ಯ ಅಲ್ಲದ ಪುಸ್ತಕಗಳು ಬರೀ ಮುಖಪುಟದ ಬಲದಿಂದ ಏರಿವೆ. 1944ರ ಸಸ್ಪೆನ್ಸ್ ಕಾಮಿಕ್ಸ್ 3 ತಗೊಳ್ಳಿ. ಒಳಗೆ ಹೆಸರಾಂತ ಹೀರೋ ಯಾರೂ ಇಲ್ಲ. ಅಲೆಕ್ಸ್ ಶೋಂಬರ್ಗ್ ಬರೆದ ಮುಖಪುಟ ಅಷ್ಟೇ, ಅದಕ್ಕೇ ಮುಗಿಬೀಳ್ತಾರೆ. ಮ್ಯಾಟ್ ಬೇಕರ್ ಬರೆದ 1948ರ ಫ್ಯಾಂಟಮ್ ಲೇಡಿ 17 ಇನ್ನೂ ಸ್ವಾರಸ್ಯ. 1954ರಲ್ಲಿ ಕಾಮಿಕ್ಸ್‌ನಿಂದ ಮಕ್ಕಳು ಕೆಡ್ತಾರೆ ಅಂತ ಮನೋವೈದ್ಯ ಡಾ. ವರ್ದಮ್ ಪುಸ್ತಕ ಬರೆದು, ಅದರಲ್ಲಿ ಆ ಮುಖಪುಟವನ್ನೇ ಉದಾಹರಣೆಯಾಗಿ ಅಚ್ಚು ಹಾಕಿದ್ರು. ಅದೇ ಈಗ ಅದರ ಬೆಲೆ ಏರಿಸಿದೆ. ಬೈದದ್ದೇ ಜಾಹೀರಾತಾಯ್ತು.

ಸಿನಿಮಾ ಹಿಂದೆ ಓಡೋದು ಮಾತ್ರ ಇಳಿದಿದೆ, ಒಳ್ಳೇದೇ ಆಯ್ತು. 1976ರ ಇಟರ್ನಲ್ಸ್ ಒಂದನೇ ಸಂಚಿಕೆ 2021ರ ಸಿನಿಮಾಕ್ಕೆ ಮುಂಚೆ ಏರಿದ್ದೇ ಏರಿದ್ದು. ಸಿನಿಮಾ ಬಂತು, ಬೆಲೆ ಧೊಪ್ಪಂತ ಬಿತ್ತು. ಕೊರೊನಾ ಕಾಲದಲ್ಲಿ ಮನೇಲಿ ಕೂತವರೆಲ್ಲ ಕೊಂಡು ಏರಿಸಿದ್ದು 2022ರಿಂದ ಇಳೀತಾ ಬಂತು. ಆದ್ರೆ ಅದೇ ಇಟರ್ನಲ್ಸ್‌ನಲ್ಲಿ ಮುಖಪುಟದ ಮೇಲೆ 25 ಸೆಂಟ್ ಬದಲು 30 ಸೆಂಟ್ ಅಂತ ಅಚ್ಚಾದ ಪ್ರತಿಗೆ ಈಗಲೂ ಒಳ್ಳೇ ಬೆಲೆ ಇದೆ. ಬೆಲೆ ಏರಿಸಿದ್ರೆ ಜನ ಕೊಳ್ತಾರಾ ಅಂತ ಪರೀಕ್ಷೆಗೆ ಕೆಲವೇ ಊರಿಗೆ ಕಳಿಸಿದ್ದು ಅದು. ಅದೇ ಥರ ಎಂಬತ್ತು, ತೊಂಬತ್ತರ ದಶಕದಲ್ಲಿ ದಿನಸಿ ಅಂಗಡಿ, ಬಸ್ ನಿಲ್ದಾಣದಲ್ಲಿ ಮಾರಿದ ಬಾರ್‌ಕೋಡ್ ಇರೋ ಪ್ರತಿಗಳು. ಕಾಮಿಕ್ಸ್ ಅಂಗಡಿಗೆ ಹೋದವು ಜೋಪಾನವಾಗಿ ಉಳಿದವು. ಬಸ್ ನಿಲ್ದಾಣದವನ್ನ ಓದಿ ಬಿಸಾಕಿದ್ರು. ಖಳನಾಯಕ ವೆನಮ್ ಬರೋ 1988ರ ಅಮೇಜಿಂಗ್ ಸ್ಪೈಡರ್‌ಮ್ಯಾನ್ 300ರಲ್ಲಿ ಈ ವ್ಯತ್ಯಾಸಕ್ಕೇ ಜಾಸ್ತಿ ದುಡ್ಡು ಕೇಳ್ತಾರೆ. ಸೂರಿ ಸರ್, ನಿಮ್ಮ ಡಬ್ಬದಲ್ಲಿ ಬಾರ್‌ಕೋಡ್ ಜಾಗದಲ್ಲಿ ಏನಿದೆ ಅಂತ ಒಮ್ಮೆ ನೋಡಿ. ಚಿಕ್ಕಪ್ಪ ವಿಮಾನ ನಿಲ್ದಾಣದಲ್ಲಿ ಕೊಂಡಿದ್ರೆ ಅದೃಷ್ಟ ಇರಬಹುದು.

ಸರಸ್ವತಿಪುರಂ_ಸೂರಿ

ನೋಡಿದೆ. ಬಹುತೇಕದ್ದರಲ್ಲಿ ಬಾರ್‌ಕೋಡ್ ಇಲ್ಲ, ಏನೋ ಚಿತ್ರ ಇದೆ. ಚಿಕ್ಕಪ್ಪ ನಿಷ್ಠೆಯಿಂದ ಕಾಮಿಕ್ಸ್ ಅಂಗಡಿಗೇ ಹೋಗಿದ್ದಾರೆ.

ಬೈಂಡ್ ಪುಸ್ತಕಗಳ ಬದಿ ಕತ್ತರಿಸಿಲ್ಲ, ಮುಖಪುಟಗಳೂ ಇವೆ. ಬಹಾದ್ದೂರ್ ಸುಮಾರಿವೆ. ಆದ್ರೆ ಬಿಡಿ ಇಂದ್ರಜಾಲದ ಮೇಲೆಲ್ಲ ಬಾಡಿಗೆ ಲೈಬ್ರರಿಯ ನೇರಳೆ ಸೀಲು, ಬೆನ್ನಿಗೆ ಹಳದಿ ತಿರುಗಿದ ಸೆಲ್ಲೋಟೇಪು. ಟೇಪು ಬಿಡಿಸಿ ಶುಚಿ ಮಾಡಲಾ?

ಕುಡ್ಲದ_ಮಳೆ

ಬೇಡ, ಬೇಡ! ಟೇಪಿನ ಜೊತೆ ಬಣ್ಣವೂ ಕಿತ್ತು ಬರ್ತದೆ. ಸೀಲು ಇರಲಿ, ಅದರಲ್ಲಿ ಊರ ಹೆಸರು ಇದ್ದರೆ ಕೆಲವರಿಗೆ ಅದೇ ಇಷ್ಟ. ತುಕ್ಕು ಹಿಡಿದ ಪಿನ್ನನ್ನೂ ಎಳೀಬೇಡಿ, ಸುತ್ತ ಕಾಗದ ಪುಡಿ ಆಗಿರ್ತದೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದ ಹಾಗೆ ಮಲಗಿಸಿ ಇಡಿ. ಮಾಮೂಲಿ ಪಿವಿಸಿ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಶಾಯಿ ಅದಕ್ಕೇ ಅಂಟಿಕೊಳ್ತದೆ.

ಮಂಡಕ್ಕಿ_ಮೇಡಂ

ಸೂರಿಯವರೇ, ಅಮರ ಚಿತ್ರ ಕಥೆಯ ಹಿಂಪುಟದ ಫೋಟೋ ಹಾಕಿ, ಪಟ್ಟಿ ಓದುವ ಹಾಗೆ ಸ್ಪಷ್ಟವಾಗಿರಲಿ. ಯಾವ ಮುದ್ರಣ ಅಂತ ನೋಡಿ ಹೇಳ್ತೀನಿ. ಅಲ್ಲಿವರೆಗೆ ಅಲೆಮಾರಿ ಅವರಿಗೆ ಯಾವುದನ್ನೂ ಮಾತು ಕೊಡಬೇಡಿ.

ಅವೆನ್ಯೂರೋಡ್_ಅಲೆಮಾರಿ

ಮೇಡಂ, ಇದು ಅನ್ಯಾಯ.

ಹುಬ್ಬಳ್ಳಿ_ಗಿರ್ಮಿಟ್

ಸೂರಿ ಸರ, ಮಾರೂದು ಆದ್ರ ಬಹಾದ್ದೂರದ್ದು ಒಂದು ಬೈಂಡ್ ನನಗ ತಗದು ಇಡ್ರಿ. ದಾರ, ಮೈದಾ, ಸೀಲು ಏನರ ಇರಲಿ, ನಡೀತೈತಿ. ಗ್ರೇಡು ಗೀಡು ಬ್ಯಾಡ. ಕೊರಿಯರ್ ರೊಕ್ಕ ನಂದ.